ಬೀಳುವವರ ಸಾಮಾನು

ಬಂಡೆ ಹತ್ತಲು ಕಲಿಸುವ ಶಿಬಿರಕ್ಕೆ ಅಡುಗೆ ಮಾಡಲು ಹೋದಂದಿನಿಂದ ನಗುವುದಕ್ಕೆ ಕಾರಣ ಹುಡುಕುವ ಕೆಲಸ ನನಗಿಲ್ಲ. ಮಳೆ ಮುಗಿದ ಮೇಲೆ ಶಿಬಿರದವರು ನಮ್ಮೂರು ಬಾಡದ ಕಡಲಬಂಡೆಗೆ ಬರುತ್ತಾರೆ. ಅದೇ ಬಂಡೆ ಇಳಿದು ನನ್ನ ಗಂಡ ನೀಲಿಕಲ್ಲು ಎಂಬ ತಿನ್ನುವ ಚಿಪ್ಪಿ ಕೀಳುತ್ತಾನೆ. ಅವರು ಮೈಗೆಲ್ಲ ಪಟ್ಟಿ ಬಿಗಿದು ಹತ್ತುತ್ತಾರೆ, ಇವನು ಲುಂಗಿ ಬಿಗಿದು ಇಳಿಯುತ್ತಾನೆ. ಮಗಳಿಗಿನ್ನೂ ಎರಡು ತುಂಬಿಲ್ಲ. ಇವನು ಜಾರಿದರೆ ಏನು ಗತಿ ಎಂಬುದೊಂದೇ ನನ್ನ ಚಿಂತೆಯಾಗಿತ್ತು.

ಜಗಳದ ಉಪಕಾರ

ಮೊದಲ ದಿನ ಶಿಬಿರದ ಮಾಸ್ತರು ಹಳೆಯ ಕಥೆ ಹೇಳಿದರು. ಹಿಂದೆ ಇಬ್ಬರು ಒಂದೇ ನಾರಿನ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಹತ್ತುತ್ತಿದ್ದರಂತೆ. ಒಬ್ಬ ಬಿದ್ದರೆ ಇನ್ನೊಬ್ಬನೂ ಹೋದ. ಪಾತ್ರೆ ತೊಳೆಯುತ್ತಿದ್ದ ನಮ್ಮತ್ತೆ, ಅದರಲ್ಲಿ ಎಂತ ದೊಡ್ಡದು, ನಾನೂ ನಮ್ಮನೆಯವರೂ ಚಿಪ್ಪಿಗೆ ಹಾಗೇ ಹೋಗುತ್ತಿದ್ದೆವು ಎಂದರು.

"ಜಗಳ ಆದ ದಿನ ಮಾತ್ರ ನಾ ಹಗ್ಗ ಸೊಂಟಕ್ಕೆ ಕಟ್ಕಂತಿರಲಿಲ್ಲ. ಬಂಡೆಗೆ ಕಟ್ತಿದ್ದೆ."

ಮಾಸ್ತರು ಎದ್ದು ನಿಂತು ಕೈ ಮುಗಿದರು. ಅದೇ ಸರಿಯಾದ ಕ್ರಮವಂತೆ. ನಮ್ಮ ಮಾವ ಎಂಬತ್ತು ದಾಟಿದ್ದು ಹೇಗೆಂದು ಆಗ ತಿಳಿಯಿತು. ಅವರಿಬ್ಬರೂ ಜಗಳ ತಪ್ಪಿಸಿದ ದಿನವಿಲ್ಲ.

ಎಳೆದಷ್ಟೂ ಬಿಗಿ

ಆಮೇಲೆ ಹಗ್ಗ ಸಿಕ್ಕಿಸಲು ಬಂಡೆಯ ಬಿರುಕಿಗೆ ಕಬ್ಬಿಣದ ಮೊಳೆ ಹೊಡೆದರಂತೆ. ಮೊಳೆಯಿಂದ ಬಂಡೆ ಹಾಳಾಗುತ್ತದೆಂದು ಯಂತ್ರದ ನಟ್ಟಿಗೆ ಹುರಿ ಪೋಣಿಸಿ ಬಿರುಕಿಗೆ ಸಿಕ್ಕಿಸಿದರಂತೆ. ಈಗಿನದು ಸ್ಪ್ರಿಂಗಿನದು, ಬಿರುಕಿನೊಳಗೆ ಅರಳಿ ಕಚ್ಚಿಕೊಳ್ಳುತ್ತದೆ. ಒಂದು ದಿನ ಅಂಥದೊಂದು ಬಿರುಕಿನಲ್ಲೇ ಸಿಕ್ಕಿಕೊಂಡಿತು. ಐದು ಮಂದಿ ಎಳೆದರೂ ಬರಲಿಲ್ಲ.

"ಬಿಲದಾಗಿನ ಏಡಿ ಯಾರಾದ್ರೂ ಎಳೀತಾರ? ಒಳಗೆ ನೂಕಿ. ಕಾಲು ಮಡಚ್ಲಿ," ಎಂದು ಅತ್ತೆ ಬೈದು, ಕೊಕ್ಕೆ ತೂರಿಸಿ, ಒಳಗೆ ನೂಕಿ, ಮೆಲ್ಲಗೆ ತೆಗೆದೇಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತೆ ಮಾತ್ರ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಇಷ್ಟು ಕಷ್ಟಪಟ್ಟು ತೆಗೆದರೂ ಸಾರಿಗೆ ಹಾಕಲು ಬರುವುದಿಲ್ಲವಲ್ಲ ಎಂದರು.

ಬಿದ್ದ ದಿನ

ಆ ಖುಷಿಗೆ ಮಾಸ್ತರು ನನ್ನ ಗಂಡನಿಗೆ ಹೊಸ ಸೊಂಟಪಟ್ಟಿ, ಹಗ್ಗ ಕೊಟ್ಟು, ಅತ್ತೆಗೆ ಹಗ್ಗವನ್ನು ಬಂಡೆಗೆ ಬಿಗಿದು ಮೇಲಿನಿಂದ ಹಿಡಿಯುವುದನ್ನೂ ಕಲಿಸಿದರು. ಇವನಿಗೆ ನಾಚಿಕೆ. ಅಪ್ಪ ಅಜ್ಜ ಯಾರೂ ಹಾಕದ್ದನ್ನು ತಾನು ಹಾಕಿದರೆ ಮೀನು ಹಿಡಿಯುವ ಬೋಟಿನವರು ನಗುತ್ತಾರಂತೆ.

"ನಾಚಿಕೆಯಿಂದ ಸತ್ತವ್ರು ಯಾರೂ ಇಲ್ಲ. ಬಿದ್ದು ಸತ್ತವ್ರು ಇದ್ರು," ಎಂದು ನಾನೇ ಪಟ್ಟಿ ಬಿಗಿದೆ.

ನಾಲ್ಕನೆಯ ದಿನ ಪಾಚಿಯ ಮೇಲೆ ಕಾಲಿಟ್ಟು ಜಾರಿದ. ಹಗ್ಗ ಧಡ್ಡೆಂದು ಬಿಗಿಯಿತು. ಮಗಳನ್ನು ಸೊಂಟದಲ್ಲಿಟ್ಟುಕೊಂಡು ಅಂಚಿಗೆ ಓಡಿದೆ. ಕೆಳಗಿನಿಂದ ಅವನ ದನಿ ಬಂತು.

"ಎಳೀಬೇಡಿ. ಇಲ್ಲಿ ಯಾರೂ ಮುಟ್ಟದ ನೀಲಿಕಲ್ಲು ಇದ್ದು. ಬುಟ್ಟಿ ಇಳ್ಸಿ."

ಅಳುತ್ತಲೇ ಇಳಿಸಿದೆ. ಮೊಳೆ ಹೊಡೆದವರು, ನಟ್ಟು ಪೋಣಿಸಿದವರು, ಯಾವ ದೇಶದವರೋ, ಅವರ ಮಕ್ಕಳು ತಣ್ಣಗಿರಲಿ ಎಂದುಕೊಂಡೆ.

ಅಷ್ಟು ತುಂಬಿದ ಬುಟ್ಟಿಯನ್ನು ಅವನು ಎಂದೂ ತಂದಿರಲಿಲ್ಲ. ಈಗ ಪಟ್ಟಿ ಹಾಕೆಂದು ನಾನು ಹೇಳುವುದೇ ಬೇಡ. ತಾನೇ ಬಿಗಿದುಕೊಂಡು ಅಂಚಿಗೆ ನಿಂತು, ಹಗ್ಗ ಹಿಡಿದ ಅತ್ತೆಯನ್ನು ಗಂಭೀರವಾಗಿ ಕೇಳುತ್ತಾನೆ:

"ಅವ್ವಾ, ಇವತ್ತು ಯಾವ ಬದಿಗೆ ಬೀಳ್ಲಿ?"