ಲಾಟರಿ ಕೊಂಡವರಿಗೆ, ಕೊಬಿನಾ ಅವರ ಗೂಡಂಗಡಿಯ ವಿಷಯವಾಗಿ

ನಮ್ಮ ಸರ್ಕಾರಿ ಲಾಟರಿಯನ್ನು ಕೊಂಡ ಗೋಲ್ಡನ್ ಟೈಡ್ ಕಂಪನಿಯ ವ್ಯವಸ್ಥಾಪಕ ನಿರ್ದೇಶಕರಾದ ಮಾನ್ಯರೇ,

ಕಡಲತೀರದ ಸಾಲ್ಟ್‌ಪಾಂಡ್ ಊರಿನ ಸಮಸ್ತರ ಪರವಾಗಿ, ಗೆದ್ದವರಿಗಿಂತ ಸೋತವರೇ ಹೆಚ್ಚಿರುವುದರಿಂದ ಮುಖ್ಯವಾಗಿ ಸೋತವರ ಪರವಾಗಿ, ತಮಗೆ ವಂದನೆಗಳು.

ಕಳೆದ ಮಾರ್ಚ್ ಹದಿನಾಲ್ಕರ ಬೆಳಗ್ಗೆ ತಮ್ಮ ಲಾರಿ ಬಂದು ಬಸ್ ನಿಲ್ದಾಣದ ಎದುರಿನ ಲಾಟರಿ ಗೂಡಂಗಡಿಯನ್ನು ಎತ್ತಿಕೊಂಡು ಹೋಯಿತು. ಪೋಲಿಯೊದಿಂದ ಎರಡೂ ಕಾಲುಗಳ ಶಕ್ತಿ ಕಳೆದುಕೊಂಡ ಕೊಬಿನಾ ಅಂಪಾ ಅದರೊಳಗೆ ಇಪ್ಪತ್ತೆರಡು ವರ್ಷ ಕೂತು ಚೀಟಿ ಬರೆದವರು. ನಡೆಯಲಾರದವರಿಗೇ ಈ ಕೆಲಸವನ್ನು ಮೊದಲು ಕೊಡುವುದು ಸರ್ಕಾರದ ರೂಢಿಯಾಗಿತ್ತು. ಸರ್ಕಾರಕ್ಕೆ ವ್ಯಾಪಾರ ಗೊತ್ತಿಲ್ಲ ಎನ್ನಲು ಬೇರೆ ಸಾಕ್ಷಿ ಬೇಕೆ? ತಾವು ಅವರ ಕೈಗೊಂದು ಚೀಟಿ ಮುದ್ರಿಸುವ ಮೆಷೀನು, ಮೈಗೊಂದು ಟೀ ಶರ್ಟು ಕೊಟ್ಟು, ಊರೆಲ್ಲ ಸುತ್ತಿ ಮಾರಲು ಹೇಳಿಸಿದಿರಿ.

"ಅಲ್ಲಪ್ಪಾ, ನಾನು ಊರು ಸುತ್ತೋ ಹಂಗಿದ್ದಿದ್ರೆ ಇಲ್ಲಿ ಯಾಕೆ ಕೂರ್ತಿದ್ದೆ, ಮೀನು ಹಿಡಿಯೋಕೆ ಹೋಗ್ತಿದ್ದೆ" ಎಂದರು ಕೊಬಿನಾ.

ತಮ್ಮ ಅಧಿಕಾರಿ ಬಹಳ ವಿನಯದಿಂದ, "ಅಜ್ಜಾ, ನೀವೀಗ ಬರೀ ಏಜೆಂಟಲ್ಲ, ನಮ್ಮ ಪಾರ್ಟ್‌ನರ್" ಎಂದರು. ಅಂದಿನಿಂದ ತಮ್ಮ ಪಾರ್ಟ್‌ನರ್ ಚರ್ಚಿನ ಮೆಟ್ಟಿಲ ಮೇಲೆ ಮೆಷೀನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ, ಗಿರಾಕಿಗಳು ತಂತಮ್ಮ ಫೋನಿನಲ್ಲೇ ಲಾಟರಿ ಆಡುತ್ತಾ ಅವರನ್ನು ದಾಟಿ ಒಳಗೆ ಹೋಗುತ್ತಾರೆ.

ತಮ್ಮ ದಕ್ಷತೆಯನ್ನು ಹೊಗಳದೆ ಇರಲಾರೆ. ಮೊದಲು ಶನಿವಾರ ಸಂಜೆ ಎಲ್ಲರೆದುರು ಚಕ್ರ ತಿರುಗಿಸುತ್ತಿದ್ದರು. ಪಾಪ, ಜನ ವಾರಕ್ಕೊಮ್ಮೆ ಮಾತ್ರ ಸೋಲಬಹುದಿತ್ತು. ಈಗ ಐದು ನಿಮಿಷಕ್ಕೊಂದು ಡ್ರಾ. ಇದು ತೊಂಬತ್ತರೊಳಗಿನ ಸಂಖ್ಯೆಗಳನ್ನು ಆರಿಸುವ ಆಟವಾದ್ದರಿಂದ ನಮ್ಮವರು ಚರ್ಚಿನ ಹಲಗೆಯ ಮೇಲಿನ ಕೀರ್ತನೆಯ ಸಂಖ್ಯೆಗಳನ್ನು ನಂಬಿ ಆಡುವುದು ಹಳೆಯ ಚಾಳಿ, ಆದರೆ ಸೋಮವಾರ ಗೂಡಂಗಡಿ ತೆರೆಯುವವರೆಗಾದರೂ ದೇವರಿಗೆ ಬಿಡುವಿರುತ್ತಿತ್ತು. ಈಗ ಪಾದ್ರಿಗಳು ನಲವತ್ತೊಂದನೆಯ ಕೀರ್ತನೆ ಎಂದೊಡನೆ ಇಡೀ ಸಭೆ ತಲೆ ತಗ್ಗಿಸುತ್ತದೆ, ಫೋನಿನ ಕಡೆಗೆ. ನೊಂದ ಪಾದ್ರಿಗಳು ತೊಂಬತ್ತರ ಮೇಲಿನವನ್ನೇ ಹಾಡಿಸತೊಡಗಿದರೆ, ಜನ ನೂರ ಇಪ್ಪತ್ತಮೂರನ್ನು ಹನ್ನೆರಡು, ಮೂರು ಎಂದು ಒಡೆದುಕೊಂಡರು.

ಲಾಟರಿಯ ಲಾಭದಿಂದ ನಮ್ಮ ಹೆರಿಗೆ ಆಸ್ಪತ್ರೆಗೆ ೧೯೮೭ರಲ್ಲಿ ಆರು ಮಂಚ, ೧೯೯೪ರಲ್ಲಿ ಹೊಸ ಚಾವಣಿ ಬಂದದ್ದು ನನಗೆ ನೆನಪಿದೆ. ಆಗ ಕಳ್ಳರಿರಲಿಲ್ಲ ಎನ್ನಲಾರೆ. ಇದ್ದರು, ಆದರೆ ಕದ್ದದ್ದನ್ನು ಇಲ್ಲೇ ತಿನ್ನುತ್ತಿದ್ದರು. ತಾವು ಈ ವರ್ಷ ಆಸ್ಪತ್ರೆಗೆ ಕರುಣಿಸಿದ್ದು ಕಂಪನಿಯ ಹೆಸರಿರುವ ಒಂದು ಗೋಡೆ ಗಡಿಯಾರ. ನೋವು ತಿನ್ನುವ ಹೆಂಗಸರಿಗೆ ಮುಂದಿನ ಡ್ರಾಗೆ ಎಷ್ಟು ನಿಮಿಷವಿದೆ ಎಂಬುದಾದರೂ ತಿಳಿಯುತ್ತದೆ.

ಆದ್ದರಿಂದ ಕೊಬಿನಾ ಅವರ ಗೂಡಂಗಡಿಯನ್ನು ಮರಳಿಸಬೇಕೆಂದು ಪ್ರಾರ್ಥನೆ. ಅದು ಸಾಧ್ಯವಿಲ್ಲದಿದ್ದರೆ ಅವರಿಗೆ ಎರಡು ಕಾಲುಗಳನ್ನು ದಯಪಾಲಿಸಿ. ಅದಕ್ಕೂ ಷೇರುದಾರರ ಸಭೆಯ ಒಪ್ಪಿಗೆ ಬೇಕೆಂದಾದರೆ, ತಮ್ಮವನ್ನೇ ವಾರಕ್ಕೆರಡು ದಿನ ಎರವಲು ಕೊಡಿ. ಪಾರ್ಟ್‌ನರ್‌ಗಳ ನಡುವೆ ಸಂಕೋಚವೇಕೆ?

ಒಂದು ಚೀಟಿಯಷ್ಟು ನಂಬಿಕೆ ಇನ್ನೂ ಉಳಿಸಿಕೊಂಡಿರುವ
ತಮ್ಮ ವಿಶ್ವಾಸಿ,
ಎಕುವಾ ಓತ್ಸಿವಾ
ನಿವೃತ್ತ ಗ್ರಂಥಪಾಲಕಿ, ಸಾಲ್ಟ್‌ಪಾಂಡ್

ವಿ.ಸೂ.: ಉತ್ತರವನ್ನು ಫೋನಿಗೆ ಕಳಿಸಬೇಡಿ. ಊರ ಕಟ್ಟಳೆಯಂತೆ ಮಂಗಳವಾರ ನಮ್ಮ ದೋಣಿಗಳು ಸಮುದ್ರಕ್ಕಿಳಿಯುವುದಿಲ್ಲ, ಊರೆಲ್ಲ ದಡದಲ್ಲೇ ಇರುತ್ತದೆ. ಅಂದು ತಾವೇ ಬಸ್ ನಿಲ್ದಾಣಕ್ಕೆ ಬಂದು, ಕೊಬಿನಾ ಅಂಪಾ ಇನ್ನು ಎಲ್ಲಿ ಕೂರಬೇಕು ಎಂಬುದನ್ನು ಎಲ್ಲರಿಗೂ ಕೇಳುವಂತೆ ಹೇಳಿ. ತಮಗೆ ಕುರ್ಚಿ ಹಾಕಿರುವುದಿಲ್ಲ.