ಗದ್ದಲದ ಖೋಲಿ

ಗದ್ದಲದಿಂದ ನಿದ್ದೆ ಕೆಡಿಸಿಕೊಳ್ಳುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಗದ್ದಲ ನಿಂತಿತೆಂದು ಎದ್ದು ಕೂತು ಕಣ್ಣು ಪಿಳಿಪಿಳಿ ಬಿಡುವವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಅವನು ನನ್ನ ಸೋದರಮಾವ. ಬನಹಟ್ಟಿಯಲ್ಲಿ ಅವನದು ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದ ಮನೆ. ಮನೆಯಲ್ಲಿ ಮಗ್ಗಗಳಿದ್ದವು ಎನ್ನುವುದಕ್ಕಿಂತ ಮಗ್ಗಗಳ ನಡುವೆ ಅಲ್ಲಲ್ಲಿ ಒಂದಿಷ್ಟು ಮನೆ ಇತ್ತು ಎನ್ನುವುದೇ ಸರಿ. ಮಗ್ಗ ಬಡಿಯುವಾಗ ಗಾಢ ನಿದ್ದೆ. ಕರೆಂಟ್ ಹೋಗಿ ಮಗ್ಗ ನಿಂತವೋ, ಮಾವ ಧಡಕ್ಕನೆ ಎದ್ದು "ಯಾರಬೇ ಅದು, ಏನಾತು?" ಎನ್ನುತ್ತಿದ್ದ. ಊರಿಗೆಲ್ಲ ಕರೆಂಟ್ ಹೋದದ್ದು ಗೊತ್ತಾಗುವುದಕ್ಕಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು.

ಒಮ್ಮೆ ಮದುವೆಗೆಂದು ಜಮಖಂಡಿಯ ನಮ್ಮ ಮನೆಗೆ ಬಂದಿದ್ದ. ರಸ್ತೆಯ ಸದ್ದು ಕೇಳದ ಹಿಂದಿನ ಖೋಲಿಯಲ್ಲಿ ಹಾಸಿಗೆ ಹಾಸಿಕೊಟ್ಟೆ. ಮುಂಜಾನೆ ಕೆಂಪು ಕಣ್ಣಿನಿಂದ ಹೊರಗೆ ಬಂದು, "ಖೋಲಿ ಛಲೋ ಐತಿ. ಆದ್ರ ಸತ್ತಂಗ ಐತಿ" ಎಂದ. ಮಧ್ಯಾಹ್ನ ನಾನು ಮಿಕ್ಸರಿನಲ್ಲಿ ಶೇಂಗಾ ಚಟ್ನಿ ಮಾಡುತ್ತಿದ್ದರೆ ಅಡುಗೆಮನೆಯ ಬಾಗಿಲಿಗೆ ಒರಗಿ ಗೊರಕೆ ಹೊಡೆಯತೊಡಗಿದ. ಮಿಕ್ಸರ್ ನಿಲ್ಲಿಸಿದೆ. ಕಣ್ಣು ಬಿಟ್ಟು, "ಯಾಕಬೇ, ಆತೇನು ಇಷ್ಟರಾಗ?" ಎಂದ. ಹಿರಿಯರ ಮಾತು ಮೀರುವುದುಂಟೆ? ಅಂದಿನ ಚಟ್ನಿ ಮೈದಾ ಹಿಟ್ಟಿಗಿಂತ ನುಣ್ಣಗಾಯಿತು.

ಬೀಳಗಿಯ ಬೀಗರ ಮನೆಯಲ್ಲಂತೂ ಮಧ್ಯಾಹ್ನ ಹಾಸಿದ ಹಾಸಿಗೆ ಬಿಟ್ಟು ಓಣಿಯ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಮಲಗಿಬಿಟ್ಟ. ಎದ್ದು ಬಂದಾಗ ಮೀಸೆ, ಹುಬ್ಬು ಎಲ್ಲ ಬೆಳ್ಳಗೆ. ಬೀಗಿತ್ತಿ ಗಾಬರಿಯಾಗಿ, "ಮುಂಜಾನೆ ಹಿಂಗಿರಲಿಲ್ಲಲ್ರೀ" ಎಂದಳು.

ಮುಧೋಳದಲ್ಲಿ ಹರ್ನಿಯಾ ಆಪರೇಷನ್ ಆದಾಗ ಮಾತ್ರ ಫಜೀತಿಯೇ ಆಯಿತು. ಆಸ್ಪತ್ರೆಯಲ್ಲಿ ಎಲ್ಲಿ ನೋಡಿದರೂ ಸದ್ದು ಮಾಡಬೇಡಿ ಎಂಬ ಬೋರ್ಡು. ನಿದ್ದೆಯ ಗುಳಿಗೆಗಳು ಸೋತವು. ಕೊನೆಗೆ ನಾನು ಬನಹಟ್ಟಿಗೆ ಹೋಗಿ ಮಗ್ಗಗಳ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು ಅವನ ದಿಂಬಿನ ಬಳಿ ಹಚ್ಚಿಟ್ಟೆ. ಮಗುವಿನಂತೆ ಮಲಗಿದ. ಪಕ್ಕದ ಹಾಸಿಗೆಯವರು ಮಾತ್ರ ಎದ್ದು ಕೂತರು. "ಖಟಕ್ ಖಟಕ್ ತಡಕೋಬಹುದ್ರೀ," ಎಂದರು ಒಬ್ಬರು, "ನಡುವ ಒಂದ 'ಟಕ್' ಹೆಚ್ಚಿಗಿ ಬರತೈತಲ್ಲ, ಅದು ಎದಿಗೆ ಬಡೀತೈತಿ." ಆ ಹೆಚ್ಚಿನ ಟಕ್ ಮೂರನೆಯ ಮಗ್ಗದ್ದು. ಅದೊಂದು ದೋಷ. ಹತ್ತು ನಿಮಿಷದ ರಿಪೇರಿ. ಮಾವ ವರ್ಷಗಟ್ಟಲೆ ಅದನ್ನು ಮುಟ್ಟಿರಲಿಲ್ಲ. ಯಾಕೆಂದರೆ ಮೂರನೆಯದು ಅವನ ತಮ್ಮನ ಮಗ್ಗ.

ಇಲ್ಲಿಯವರೆಗೆ ನಗುತ್ತ ಹೇಳಿದೆ. ಆದರೆ ಈ ಗದ್ದಲದಿಂದಲೇ ಆ ಮನೆ ಒಡೆಯಿತು.

ತಮ್ಮ, ಅಂದರೆ ನನ್ನ ಸಣ್ಣ ಮಾವ, ಮದುವೆಯಾಗದ ಮನುಷ್ಯ. ಒಂದು ಮಧ್ಯಾಹ್ನ ಊಟದ ತಾಟು ದೂಡಿ, "ಈ ಗದ್ದಲದಾಗ ನನ್ನ ತಲಿ ಸಿಡದ ಹೊಂಟೈತಿ. ಇದ ಮನಿ ಅಲ್ಲ, ಗಿರಣಿ" ಎಂದ. ಮಾವ ತುತ್ತು ಕೆಳಗಿಡದೆ, "ಹಂಗಾರ ಎಲ್ಲಿ ಶಾಂತ ಐತಿ ಅಲ್ಲಿಗೆ ಹೋಗಲೇ. ನನ್ನ ಮಗ್ಗ ನಿಂದ್ರೂದಿಲ್ಲ" ಎಂದ. ಸಣ್ಣ ಮಾವ ಹೋಗಿಯೇ ಬಿಟ್ಟ. ಮುಧೋಳದ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಪಾಕ ಕುದಿಸುವ ಕೆಲಸ ಕಲಿತ. ನಮ್ಮ ಸೀಮೆಯ ಸಕ್ಕರೆ ಕೆಲಸಗಾರರಿಗೆ ಆಫ್ರಿಕಾದಲ್ಲಿ ಬೇಡಿಕೆ ಇದೆ ಎಂದು ಯಾರೋ ಹೇಳಿದರು. ನೋಡನೋಡುತ್ತ ಕ್ಯಾಮರೂನ್ ದೇಶದ ಒಂದು ಸಣ್ಣ ಪಟ್ಟಣ ಸೇರಿದ.

ಒಂಬತ್ತು ವರ್ಷ ಅಣ್ಣ ತಮ್ಮ ಮಾತಾಡಲಿಲ್ಲ. ಮಾತಾಡಲಿಲ್ಲ ಎಂದರೆ ನೇರವಾಗಿ ಮಾತಾಡಲಿಲ್ಲ. ನಡುವೆ ನಾನಿದ್ದೆ. ರವಿವಾರ ನಾನು ಬನಹಟ್ಟಿಗೆ ಹೋದಾಗ ಸಣ್ಣ ಮಾವನ ಫೋನ್ ಬಂತೆಂದರೆ ದೊಡ್ಡ ಮಾವ ಗೋಡೆಗೆ ಮುಖ ಮಾಡಿ ಕೂತು, "ಉಂಡಾನೇನು, ಕೇಳು" ಎನ್ನುತ್ತಿದ್ದ. "ಜ್ವರಾ ಗಿರಾ ಬಂದಿಲ್ಲಂತೇನು, ಕೇಳು." ಕೊನೆಯ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ: "ಅಲ್ಲಿ ಶಾಂತ ಐತೇನಂತ ಕೇಳು." ಆ ಕಡೆಯಿಂದ ಉತ್ತರವೂ ಒಂದೇ: "ಭಾಳ ಶಾಂತ ಐತಿ ಅಂತ ಅಣ್ಣಗ ಹೇಳು. ಎಲಿ ಬಿದ್ರೂ ಕೇಳತೈತಿ ಅಂತ ಹೇಳು." ನಾನು ಇಬ್ಬರನ್ನೂ ಮನಸ್ಸಿನಲ್ಲೇ ಬೈದುಕೊಂಡು ಹೇಳುತ್ತಿದ್ದೆ, ಕೇಳುತ್ತಿದ್ದೆ.

ಕಳೆದ ವರ್ಷ ಅಲ್ಲಿಯ ಮಳೆಗಾಲದಲ್ಲಿ ಸಣ್ಣ ಮಾವನಿಗೆ ಜ್ವರ ಬಂತು. ಮೂರೇ ದಿನ. ಕಾರ್ಖಾನೆಯವರು ಫೋನ್ ಮಾಡಿ, ದೇಹ ಕಳಿಸಲು ವಾರಗಟ್ಟಲೆ ಹಿಡಿಯುತ್ತದೆ, ಏನು ಮಾಡೋಣ ಎಂದು ಕೇಳಿದರು. ಮಾವ ಗೋಡೆಗೆ ಮುಖ ಮಾಡಿಯೇ ಹೇಳಿದ: "ಅಲ್ಲೇ ಮಣ್ಣ ಕೊಡ್ರಿ ಅಂತ ಹೇಳು. ಶಾಂತ ಬೇಕಂತ ಹೋದಾಂವ. ಶಾಂತ ಮಲಗಲಿ." ನಾನು ಹೇಳಿದೆ. ಆ ಮಾತು ನನ್ನ ಬಾಯಿಂದ ಹೋಯಿತಲ್ಲ ಎಂದು ಇಂದಿಗೂ ಸಂಕಟವಾಗುತ್ತದೆ.

ಅಂದಿನಿಂದ ಮಾವನಿಗೆ ಗದ್ದಲದಲ್ಲೂ ನಿದ್ದೆ ಬರುವುದು ನಿಂತಿತು. ಮಗ್ಗ ಬಡಿಯುತ್ತಲೇ ಇದ್ದವು, ಅವನು ಕಣ್ಣು ತೆರೆದು ಮಲಗಿರುತ್ತಿದ್ದ. ತಿಂಗಳುಗಳು ಕಳೆದ ಮೇಲೆ ಒಂದು ದಿನ ಜಮಖಂಡಿಗೆ ಬಂದು ನನ್ನೆದುರು ಕೂತ. ನಮ್ಮಲ್ಲಿ ಮಣ್ಣು ಕೊಟ್ಟ ಮೂರನೆಯ ದಿನ ಮನೆಯವರು ಹೋಗಿ ಸಮಾಧಿಗೆ ಹಾಲು-ತುಪ್ಪ ಎರೆಯಬೇಕು. "ಅಂವಗ ಯಾರೂ ಎರದಿಲ್ಲ," ಎಂದ. "ನಾ ಹೋಗಬೇಕು. ಸಿಟ್ಟ ಇಟ್ಕೊಂಡ ಹೋಗ್ಯಾನೋ, ಬಿಟ್ಟ ಹೋಗ್ಯಾನೋ, ಅಷ್ಟ ತಿಳೀಬೇಕು ನನಗ. ನೀ ಸಾಲ್ಯಾಗ ಇಂಗ್ಲೀಷ್ ಕಲಸ್ತಿಯಲ್ಲ, ನೀನೂ ಬಾ." ಖರ್ಚಿಗೆ ಏನು ಮಾಡುತ್ತಿ ಎಂದರೆ, "ಮೂರನೇ ಮಗ್ಗ ಮಾರಿಬಿಟ್ನಿ. ಅವನ ಮಗ್ಗದ ಮ್ಯಾಲೇ ಅವನ ಕಡೆ ಹೋಗೂಣು" ಎಂದ.

ತುಪ್ಪದ ಡಬ್ಬಿಗೆ ಮೂರು ಸುತ್ತು ಬಟ್ಟೆ ಸುತ್ತಿ ಹೊಲಿದ. ಹಳದಿ ಜ್ವರದ ಸೂಜಿ ಚುಚ್ಚಿಸಿಕೊಂಡು ಹೊರಟೆವು. ವಿಮಾನ ಅಷ್ಟು ಗದ್ದಲ ಮಾಡುತ್ತದೆ, ಇನ್ನು ಇವನು ಮಲಗಿಯೇ ಬಿಡುತ್ತಾನೆ ಎಂದುಕೊಂಡಿದ್ದೆ. ದಾರಿಯುದ್ದಕ್ಕೂ ಎದುರಿನ ಸೀಟಿನ ಬಟ್ಟೆಯ ಎಳೆಗಳನ್ನು ಉಗುರಿನಿಂದ ಎಣಿಸುತ್ತ ಕೂತಿದ್ದ. ಇಳಿದ ಮೇಲೆ ಅಲ್ಲಿಯ ಅಧಿಕಾರಿಯೊಬ್ಬ ತುಪ್ಪದ ಡಬ್ಬಿ ಬಿಚ್ಚಿಸಿ ಮೂಸಿ ನೋಡುವಾಗ, ಮಾವ ಅವನ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿ ನೋಡಿದ. "ಪಾಲಿಸ್ಟರ್ ಐತಿ. ಈ ಸೆಕಿಯೊಳಗ ಹೆಂಗ ಹಾಕ್ಕೊಂಡಿರ್ತಾನೋ ಪಾಪ. ಹತ್ತೀದ ಹೊಲಿಸ್ಕೋ ಅಂತ ಹೇಳು." ನಾನು ಆ ಅಧಿಕಾರಿಗೆ, "ನಿಮ್ಮ ದೇಶ ಬಹಳ ಚಂದ ಎನ್ನುತ್ತಿದ್ದಾರೆ" ಎಂದೆ. ಒಂಬತ್ತು ವರ್ಷ ನಡುವೆ ನಿಂತು ಮಾತು ದಾಟಿಸಿದವಳಿಗೆ ಇಷ್ಟೂ ಬರದಿದ್ದರೆ ಹೇಗೆ?

ಸಣ್ಣ ಮಾವ ಕೊನೆಯ ಎರಡು ವರ್ಷ ಇದ್ದದ್ದು ಪಟ್ಟಣದ ಒಂದು ಸಾದಾ ಲಾಡ್ಜಿನಲ್ಲಿ. ಒಂಟಿ ಕೆಲಸಗಾರರನ್ನು ಕಾರ್ಖಾನೆಯವರು ಅಲ್ಲೇ ಇಡುತ್ತಿದ್ದರು. ನಾವೂ ಅಲ್ಲಿಗೇ ಹೋದೆವು. ಹನ್ನೆರಡು ಖೋಲಿ, ತಗಡಿನ ಸೂರು, ಪ್ಲಾಸ್ಟಿಕ್ ಕುರ್ಚಿ, ಬಚ್ಚಲಿಗೊಂದು ಬಕೆಟ್ಟು. ನಮ್ಮ ಕಡೆಯ ಬಸ್‌ಸ್ಟ್ಯಾಂಡ್ ಎದುರಿನ ಲಾಡ್ಜೊಂದನ್ನು ಎತ್ತಿ ಕೆಂಪು ಮಣ್ಣಿನ ಮೇಲೆ ಇಟ್ಟ ಹಾಗಿತ್ತು. ಬಾಗಿಲ ಹೊರಗೇ ಮಾವ ನನ್ನನ್ನು ತಡೆದ. "ನಾವ್ಯಾರಂತ ಹೇಳಬ್ಯಾಡ. ಹೇಳಿದ್ರ ಸತ್ತವರ ಬಗ್ಗೆ ಎಲ್ಲಾರೂ ಛಲೋನ ಮಾತಾಡ್ತಾರ. ನನಗ ಖರೆ ಬೇಕಾಗೇತಿ. ಅರಿವಿ ವ್ಯಾಪಾರದವರು ಅಂತ ಹೇಳು." ಕಂಕುಳಲ್ಲಿ ತುಪ್ಪದ ಡಬ್ಬಿ, ಹಣೆಯ ತುಂಬ ವಿಭೂತಿ. ಎಂಥ ಬಟ್ಟೆ ವ್ಯಾಪಾರಿ!

ಲಾಡ್ಜಿನ ಒಡತಿ ದೊಡ್ಡ ಮೈಕಟ್ಟಿನ ಹೆಂಗಸು. ಆ ದೇಶದಲ್ಲಿ ಇಂಗ್ಲಿಷ್ ನಡೆಯುವ ಭಾಗದವಳಂತೆ, ಹೀಗಾಗಿ ನನ್ನ ಮಾನ ಉಳಿಯಿತು. ನಾವು ಮಾತಾಡುತ್ತಿದ್ದಾಗಲೇ ಕರೆಂಟ್ ಹೋಯಿತು. ಹೆಸರು ವಿಳಾಸ ನಾಳೆ ಬರೆದುಕೊಳ್ಳುತ್ತೇನೆ ಎಂದು ರಿಜಿಸ್ಟರ್ ಮುಚ್ಚಿದಳು. ದೂರದಿಂದ ಬಂದವರೆಂದು ತೋಟದ ಕಡೆಯ ಎರಡು ಒಳ್ಳೆಯ ಖೋಲಿ ಕೊಡುತ್ತೇನೆ, ಬಹಳ ಶಾಂತವಾಗಿವೆ ಎಂದಳು. ಅಷ್ಟರಲ್ಲಿ ಹಿತ್ತಲಿನಲ್ಲಿ ಜನರೇಟರ್ ಬಡಿಯತೊಡಗಿತು. ಮಾವನ ಕಿವಿ ನಿಮಿರಿತು.

"ಅದರ ಬಾಜೂಕ ಖೋಲಿ ಐತೇನು, ಕೇಳು."

ಕೇಳಿದೆ. ಆಕೆ, "ಇದೆ. ಆದರೆ ಅಲ್ಲಿ ಯಾರೂ ಇಳಿಯುವುದಿಲ್ಲ, ಗೋಡೆ ನಡುಗುತ್ತದೆ" ಎಂದಳು.

"ನಡಗಲಿ ಅಂತ ಹೇಳು" ಎಂದ ಮಾವ.

ಹೇಳಿದೆ. ಆಕೆ ಮಾವನ ಮುಖವನ್ನು ಬಹಳ ಹೊತ್ತು ನೋಡಿದಳು. ಕೀಲಿ ತೆಗೆದು ಅವನ ಅಂಗೈಯಲ್ಲಿಟ್ಟಳು.

ಮುಂಜಾನೆ ಮಾವ ಆಕಳಿಸುತ್ತ ಬಂದ. "ಒಂದೀಟ ಕಣ್ಣ ಹತ್ತಿತ್ತು. ಅಷ್ಟರಾಗ ಕರೆಂಟ್ ಬಂದ ಗಂಟ ಬಿತ್ತು" ಎಂದ. ಊರಿನಲ್ಲಿ ಕರೆಂಟ್ ಹೋದರೆ ಏಳುತ್ತಿದ್ದವನು ಇಲ್ಲಿ ಕರೆಂಟ್ ಬಂದರೆ ಏಳುವಂತಾಯಿತಲ್ಲ ಎಂದು ನಗು ಬಂತು. ಒಡತಿ ಬ್ರೆಡ್ಡು, ಕರಿದ ಬಾಳೆಕಾಯಿ ತಂದಿಟ್ಟು ನಮ್ಮ ಎದುರೇ ಕುರ್ಚಿ ಎಳೆದುಕೊಂಡು ಕೂತಳು.

"ಇವರು ಅವನ ಅಣ್ಣ, ಅಲ್ಲವೇ?" ಎಂದು ನನ್ನನ್ನು ಕೇಳಿದಳು.

ನಾನು ಗಾಬರಿಯಾಗಿ, ಹೇಗೆ ಗೊತ್ತಾಯಿತು ಎಂದೆ.

"ಈ ಲಾಡ್ಜ್ ತೆರೆದಾಗಿನಿಂದ ಆ ಖೋಲಿಯನ್ನು ಬಾಯಿಬಿಟ್ಟು ಕೇಳಿದವರು ಇಬ್ಬರೇ. ಮೊದಲನೆಯವನು ಎರಡು ವರ್ಷ ಅಲ್ಲಿದ್ದ. ಒಳ್ಳೆಯ ಖೋಲಿ ಕೊಟ್ಟರೆ ಎರಡೇ ದಿನಕ್ಕೆ ಬಿಟ್ಟು ಬಂದ. ಕರೆಂಟ್ ಬಂದು ನಾನು ಜನರೇಟರ್ ಆರಿಸಿದರೆ, ಅಮ್ಮಾ ಇನ್ನಷ್ಟು ಹೊತ್ತು ಬಿಡು, ಎಣ್ಣೆ ನಾನೇ ತಂದುಹಾಕುತ್ತೇನೆ ಎಂದು ಗೋಗರೆಯುತ್ತಿದ್ದ. ನನಗೆ ಹುಚ್ಚನೆಂದೇ ಅನಿಸಿತ್ತು. ಯಾಕೆ ಎಂದು ಕೇಳಿದೆ. ನಮ್ಮ ಅಣ್ಣನ ಮನೆ ಹೀಗೇ ಇರುತ್ತದೆ, ಇಲ್ಲದಿದ್ದರೆ ನನಗೆ ನಿದ್ದೆ ಬರುವುದಿಲ್ಲ ಎಂದ."

ಇದೊಂದನ್ನು ಮಾತ್ರ ನಾನು ಒಂದು ಅಕ್ಷರ ಬದಲಿಸದೆ ದಾಟಿಸಿದೆ. ಮಾವ ಬಾಳೆಕಾಯಿಯ ತುಂಡನ್ನು ಕೈಯಲ್ಲಿ ಹಿಡಿದೇ ಕೂತಿದ್ದ. ಆಮೇಲೆ ಅದನ್ನು ತಾಟಿನಲ್ಲಿಟ್ಟು, "ಶಾಂತ ಐತಿ, ಎಲಿ ಬಿದ್ರೂ ಕೇಳತೈತಿ ಅಂತಿದ್ನಲ್ಲಬೇ," ಎಂದ. "ಸುಳ್ಳ ಹೇಳ್ಯಾನ. ಒಂಬತ್ತ ವರ್ಷ ಸುಳ್ಳ ಹೇಳ್ಯಾನ ನನಗ." ಅವನು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ತಮ್ಮ ಸತ್ತ ಸುದ್ದಿ ಬಂದಾಗಲೂ ಅತ್ತಿರಲಿಲ್ಲ.

ಒಡತಿಯೇ ನಮ್ಮನ್ನು ಸಮಾಧಿಯ ಬಳಿ ಕರೆದುಕೊಂಡು ಹೋದಳು. ಅಲ್ಲಿ ಆಕಳ ಹಾಲು ಸಿಗಲಿಲ್ಲ. ಡಬ್ಬಿಯ ಹಾಲಿನ ಪುಡಿಯನ್ನು ಆಕೆಯೇ ಬಿಸಿನೀರಿನಲ್ಲಿ ಕದಡಿ ಬಾಟಲಿಯಲ್ಲಿ ತುಂಬಿಕೊಟ್ಟಳು. ಕಬ್ಬಿನ ಹೊಲದ ಅಂಚಿಗೆ ಒಂದು ಕೆಂಪು ದಿಬ್ಬ, ಮೇಲೆ ಹುಲ್ಲು ಬೆಳೆದಿತ್ತು. ಕಬ್ಬು ನೋಡಿದರೆ ನಮ್ಮ ಹೊಳೆಸಾಲಿನ ಯಾವುದೋ ಹೊಲದಲ್ಲಿ ನಿಂತ ಹಾಗಿತ್ತು. ಮಾವ ಹುಲ್ಲು ಕಿತ್ತು ಸ್ವಚ್ಛ ಮಾಡಿ, ವಿಭೂತಿ ಇಟ್ಟು, ಹಾಲು ಎರೆದ, ತುಪ್ಪ ಎರೆದ. ಬನಹಟ್ಟಿಯ ತುಪ್ಪ ಆ ಮಣ್ಣಿನಲ್ಲಿ ನಿಧಾನಕ್ಕೆ ಇಳಿಯಿತು. ಆಮೇಲೆ ತಲೆ ಎತ್ತಿ ಸುತ್ತ ನೋಡಿದ. ಒಂದು ಹಕ್ಕಿಯ ಸದ್ದೂ ಇರಲಿಲ್ಲ.

"ಭಾಳ ಶಾಂತ ಐತಿ ಇಲ್ಲಿ" ಎಂದ. ಅವನ ಮುಖದಲ್ಲಿ ದಿಗಿಲಿತ್ತು. "ಇಷ್ಟ ಶಾಂತದಾಗ ಅಂವಗ ನಿದ್ದಿ ಹೆಂಗ ಹತ್ತಬೇಕಬೇ? ನಾನ ಹೇಳಿದೆನಲ್ಲ, ಇಲ್ಲೇ ಮಲಗಸ್ರಿ ಅಂತ." ನನ್ನ ಕಡೆ ಕೈ ಚಾಚಿ, "ನಿನ್ನ ಫೋನ್ ತಗಿ" ಎಂದ.

ಆಸ್ಪತ್ರೆಯ ದಿನದ ರೆಕಾರ್ಡು ಇನ್ನೂ ಅದರಲ್ಲಿತ್ತು. ಹಚ್ಚಿ, ದನಿ ಪೂರ್ತಿ ಏರಿಸಿ ದಿಬ್ಬದ ಮೇಲಿಟ್ಟೆ. ನಾಲ್ಕೂ ಮಗ್ಗ ಇದ್ದಾಗಿನ ಸದ್ದು. ಖಟಕ್ ಖಟಕ್, ನಡುವೆ ಒಂದು ಹೆಚ್ಚಿನ ಟಕ್.

ಮಾವ ಎಂದಿನಂತೆ ನನ್ನ ಕಡೆ ತಿರುಗಿ, "ಅಂವಗ ಹೇಳು..." ಎಂದು ಶುರು ಮಾಡಿದ.

"ನೀನ ಹೇಳು ಮಾವಾ," ಎಂದೆ. "ಇನ್ನ ನಡುವ ನಾ ಯಾಕ?"

ಅವನು ದಿಬ್ಬದ ಕಡೆ ತಿರುಗಿದ. ಆಮೇಲೆ ಬಾಗಿ ಮಣ್ಣಿನ ಮೇಲೆ ಅಂಗೈ ಇಟ್ಟ. "ಕೇಳಾಕತ್ತೈತೇನಲೇ?" ಎಂದ. "ಮೂರನೇದು ನಿಂದ. ರಿಪೇರಿ ಮಾಡಿಸಿದ್ದಿಲ್ಲ ನಾ, ಹಂಗ ಇಟ್ಟಿದ್ನಿ. ಮಲಕ್ಕೋ ಇನ್ನ."

ಹಾಗೆ ಹೇಳುತ್ತ ದಿಬ್ಬಕ್ಕೆ ಒರಗಿದ. ನೋಡಿದರೆ ನಿದ್ದೆ ಹತ್ತಿತ್ತು. ವರ್ಷದ ಮೇಲೆ ಅವನ ಗೊರಕೆ ಕೇಳಿದೆ. ಒಡತಿ ತನ್ನ ಮೇಲುವಸ್ತ್ರ ತೆಗೆದು ಬಿಸಿಲು ಬೀಳದಂತೆ ಅವನ ಮುಖದ ಮೇಲೆ ಹಿಡಿದಳು. ಸದ್ದು ನಿಂತರೆ ಅವನಿಗೆ ಎಚ್ಚರವಾಗುತ್ತದೆಂದು, ರೆಕಾರ್ಡು ಮುಗಿಯುವ ಮೊದಲೇ ಮತ್ತೆ ಮತ್ತೆ ಹಚ್ಚುತ್ತ ನಾನು ಪಕ್ಕದಲ್ಲಿ ಕೂತೆ.