ಚಿತ್ರ ನಂಬರ ಏಳರ ಅಡಿಗೆಮನೆಗೆ ವರ್ಗ ಕೋರಿ

ಇಂದ:
ಗುರವ್ವ ಕೋಂ ಶ್ರೀಶೈಲಪ್ಪ,
ವಯಸ್ಸು ನಲವತ್ತರ ಮೇಲೆ, ಉದ್ಯೋಗ ಮನೆಗೆಲಸ,
ಡ್ರಾಯಿಂಗ ಮಾಸ್ತರರ ಮನೆ, ಸಿಂದಗಿ.

ಗೆ:
ಚಿತ್ರ ನಂಬರ ಏಳು, ‘ಅಡಿಗೆಮನೆ, ಮುಂಜಾನೆ’, ಇದರ ಒಳಾಡಳಿತ ನೋಡಿಕೊಳ್ಳುವ ಸಾಹೇಬರಿಗೆ,
ಇಬ್ಬರ ತೈಲಚಿತ್ರ ಪ್ರದರ್ಶನ, ಶಾಲೆಯ ಹಾಲ್, ಸಿಂದಗಿ.

ವಿಷಯ: ಹೊಗೆಯುಳ್ಳ ಅಡಿಗೆಮನೆಯಿಂದ ಕಿಟಕಿಯುಳ್ಳ ಅಡಿಗೆಮನೆಗೆ ವರ್ಗ ಮಾಡುವ ಬಗ್ಗೆ.

ಉಲ್ಲೇಖ: ಕಳೆದ ರವಿವಾರ ಮಾಮಲೇದಾರ ಸಾಹೇಬರ ಎದುರು ಅರ್ಜಿದಾರಳ ಪತಿ ಕೊಟ್ಟ ಬಾಯಿಮಾತಿನ ಹೇಳಿಕೆ.

ಮಾನ್ಯರೇ,

ಸದರಿ ಅರ್ಜಿದಾರಳು ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಅದು ಉಬ್ಬುವುದನ್ನು ಹೊಗೆಯೊಳಗೆ ಕಣ್ಣು ಕಿರಿದು ಮಾಡಿಕೊಂಡು ಕಾಯುತ್ತಿದ್ದಾಗ ಈ ಅರ್ಜಿಯ ಮೊದಲ ಸಾಲು ಹೊಳೆಯಿತು. ರೊಟ್ಟಿ ಸೀದಿತು. ಅರ್ಜಿ ಮುಂದುವರಿಯಿತು. ಕಾರಣ, ವಿನಂತಿಸಿಕೊಳ್ಳುವುದೇನೆಂದರೆ:

1. ಅರ್ಜಿದಾರಳ ಪತಿ ಶ್ರೀಶೈಲಪ್ಪನವರು ಡ್ರಾಯಿಂಗ ಮಾಸ್ತರರು. ಅವರ ಗೆಳೆಯ ಕುತುಬುದ್ದೀನ ಅಂಗಡಿಗಳ ಬೋರ್ಡು ಬರೆಯುವವನು. ದೇವರು, ರಾಜರು, ನವಿಲು ಬರೆದು ಬೇಸತ್ತು ಇಬ್ಬರೂ ಇನ್ನು ದಿನಬಳಕೆಯ ಜಾಗಗಳನ್ನೇ ಬರೆಯುವುದೆಂದು ಠರಾವು ಮಾಡಿಕೊಂಡರು. ಅದರಂತೆ ಇಂಡಿ ಊರಿನ ಸ್ಟೇಶನ್ನಿನ ಬಾಕು, ಗೊಳಸಂಗಿಯ ಚಹಾದಂಗಡಿ, ಬಾಗೇವಾಡಿಯ ಬಾವಿಯ ಮೆಟ್ಟಿಲು ತಯಾರಾದವು. ಬಾಕಿನ ಮೇಲೆ ಯಾರೂ ಕೂತಿಲ್ಲ, ಅಂಗಡಿಯಲ್ಲಿ ಯಾರೂ ಚಹಾ ಕುಡಿದಿಲ್ಲ, ಬಾವಿಗೆ ಯಾರೂ ನೀರಿಗೆ ಬಂದಿಲ್ಲ.

2. ನಂತರ ಅರ್ಜಿದಾರಳ ಅಡಿಗೆಮನೆಯ ಪಾಳಿ ಬಂತು. ಚಿತ್ರಕ್ಕೆ ಅಡ್ಡ ಬರುವ ವಸ್ತುಗಳನ್ನು ತೆಗೆಯಿಸಲಾಯಿತು. ಅವು: ಮಸಿ ಹಿಡಿದ ಪಾತ್ರೆ, ತೊಗರಿಕಟ್ಟಿಗೆಯ ಹೊರೆ, ಅರ್ಜಿದಾರಳು. ಒಲೆಗೆ ಸುಣ್ಣ ಬಳಿಯಲಾಯಿತು. ಅರ್ಜಿದಾರಳು ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಎರಡು ವಾರ ಬಿಸಿಲಲ್ಲಿ ಕೂತು, ಒಳಗಿದ್ದ ಇಬ್ಬರಿಗೂ ರೊಟ್ಟಿ ಬಡಿದು ಕಳಿಸಿದಳು. ಕುತುಬುದ್ದೀನನಿಗೆ ಸ್ವಲ್ಪ ನಾಚಿಕೆಯೂ ಆಗಿರಬೇಕು.

“ಸಿಟ್ಟಾಗಬ್ಯಾಡ್ರಿ ವೈನಿ,” ಎಂದ. “ಮಂದಿ ಅಲಗ್ಯಾಡ್ತಾರ. ಒಲಿ ಅಲಗ್ಯಾಡಂಗಿಲ್ಲ.”

“ಹಂಗಾರ ಇವತ್ತ ಒಲಿನ ರೊಟ್ಟಿ ಬಡೀಲಿ ಕುತುಬಣ್ಣಾ. ನಾ ಚಿತ್ರಾ ನೋಡ್ಕೋತ ಕೂಡ್ತೇನಿ.”

ಅವನ ಹೆಂಡತಿ ಶಮಶಾದಬಿಯ ಬೀಸುಕಲ್ಲಿನ ಮೂಲೆಯನ್ನು ಬರೆಯುವಾಗ ಅವಳನ್ನು ಸಾಲೋಟಗಿಯ ತವರಿಗೇ ಕಳಿಸಿದ್ದರು. ಅವಳು ಇನ್ನೂ ಬಂದಿಲ್ಲ. ಅರ್ಜಿ ಕೊಡುವುದಕ್ಕಿಂತ ಅದು ಸುಲಭವೆಂದು ಅವಳು ಕಂಡುಕೊಂಡಿರಬಹುದು.

3. ಹಿಂಡಿ ಚಟ್ನಿಗೆಂದು ಹಸನು ಮಾಡಿ ಇಟ್ಟ ಅಗಸಿ, ಬಣ್ಣ ಕಲಸುವ ಎಣ್ಣೆಗಾಗಿ ಗಾಣಕ್ಕೆ ಹೋಯಿತು. “ಈ ಸಲ ಅಗಸಿ ಹಿಂಡಿ ಮಾಡಿಲ್ಲೇನು?” ಎಂದು ಪತಿ ಊಟದಲ್ಲಿ ಕೇಳಿದರು. ಅದನ್ನು ಗೋಡೆಗೆ ತೂಗುಹಾಕಿದೆ ಎಂದು ಅರ್ಜಿದಾರಳು ಉತ್ತರಿಸಿದಳು.

4. ರವಿವಾರ ಪ್ರದರ್ಶನ ತೆರೆಯಿತು. ಅರ್ಜಿದಾರಳಿಗೆ ಚಹಾದ ತಾಟು ಹಿಡಿಯುವ ಕೆಲಸವಿತ್ತು. ಚಿತ್ರ ನಂಬರ ಏಳನ್ನು ಅವಳು ಕಂಡದ್ದು ಆಗಲೇ. ಒಲೆ ತನ್ನದು, ಒಲೆಯ ಬಾಯಿಯ ಬಿರುಕೂ ತನ್ನದು. ಆದರೆ ಒಲೆಯ ಮೇಲಿನ ಗೋಡೆಯಲ್ಲಿ ಒಂದು ಕಿಟಕಿ ಇತ್ತು. ಅದರಿಂದ ಬೆಳಕು ಬಂದು ಕೊಡದ ಮೇಲೆ ಕೂತಿತ್ತು.

ಮಾನ್ಯರೇ, ಸದರಿ ಗೋಡೆಯಲ್ಲಿ ಕಿಟಕಿ ಇಲ್ಲ. ಮದುವೆಯಾಗಿ ಬಂದ ವರ್ಷದಿಂದ ಅರ್ಜಿದಾರಳು ಅದನ್ನು ಕೇಳುತ್ತಿದ್ದಾಳೆ. ಮಣ್ಣಿನ ಗೋಡೆ, ಒಡೆದರೆ ತಡೆಯುವುದಿಲ್ಲ ಎಂದು ಪ್ರತಿ ವರ್ಷ ಉತ್ತರ ಬಂದಿದೆ. ಈಗ ಅದೇ ಗೋಡೆಯನ್ನು ಅದೇ ಪತಿ ಕುಂಚದಿಂದ ಒಡೆದಿದ್ದಾರೆ. ಗೋಡೆ ತಡೆದಿದೆ.

ಮಾಮಲೇದಾರ ಸಾಹೇಬರು ಆ ಚಿತ್ರದ ಎದುರು ಬಹಳ ಹೊತ್ತು ನಿಂತರು. “ಏನ ಶಾಂತಿ ಐತ್ರಿ ಮಾಸ್ತರ. ಇಂಥಾ ಅಡಿಗಿಮನ್ಯಾಗ ಇರಾಕ ಪುಣ್ಯಾ ಮಾಡಿರಬೇಕು. ಯಾರದರಿ ಇದು?”

ಅರ್ಜಿದಾರಳು ತಾಟು ಹಿಡಿದು ಅವರ ಬೆನ್ನ ಹಿಂದೆಯೇ ಇದ್ದಳು.

“ಯಾರದೂ ಅಲ್ರಿ ಸಾಹೇಬ್ರ,” ಎಂದರು ಪತಿ. “ಬರೇ ಕಲ್ಪನಾ.”

ಕಲ್ಪನೆಯಿಂದ ಬಂದ ಚಹಾವನ್ನು ಇಬ್ಬರೂ ಕುಡಿದರು.

5. ಮರುದಿನ ಊಟಕ್ಕೆ ಬಡಿಸುತ್ತ ಅರ್ಜಿದಾರಳು ಕಿಟಕಿಯ ಮಾತನ್ನು ಮತ್ತೆ ಎತ್ತಿದಳು. “ಚಿತ್ರಾ ಬ್ಯಾರೆ, ಗ್ವಾಡಿ ಬ್ಯಾರೆ. ನಿನಗದು ತಿಳಿಯಂಗಿಲ್ಲ,” ಎಂಬ ಉತ್ತರ ಬಂತು. ಆ ದಿನ ಕಟ್ಟಿಗೆ ಹಸಿಯಿದ್ದುದರಿಂದ ಉತ್ತರ ಕೊಡುವಾಗ ಅವರ ಕಣ್ಣಲ್ಲೂ ನೀರಿತ್ತು. ಅದು ಹೊಗೆಯಿಂದ ಬಂದದ್ದು, ಅದಕ್ಕೆ ಬೇರೆ ಅರ್ಥವಿಲ್ಲ.

ಆದ್ದರಿಂದ, ತಮ್ಮ ಅಡಿಗೆಮನೆಯಲ್ಲಿ ಹೊಗೆ ಇಲ್ಲದ ಕಾರಣ, ಅಲ್ಲಿಯ ಕೊಡ ಯಾವಾಗಲೂ ತುಂಬಿರುವ ಕಾರಣ, ಅಲ್ಲಿ ಯಾರಿಗೂ ಹಸಿವೆ ಆಗದ ಕಾರಣ, ಮತ್ತು ಮುಖ್ಯವಾಗಿ ಸದರಿ ಕಿಟಕಿಯ ಕಾರಣ, ಅರ್ಜಿದಾರಳನ್ನು ಅಲ್ಲಿಗೆ ವರ್ಗ ಮಾಡಬೇಕು. ಕಿಟಕಿಯಾಚೆ ಏನು ಕಾಣುತ್ತದೆಂಬುದನ್ನು ಚಿತ್ರದಲ್ಲಿ ಬರೆದಿಲ್ಲ, ಬರೇ ಬಿಳಿ ಬಿಟ್ಟಿದ್ದಾರೆ. ಆ ಗೋಡೆಯ ಆಚೆ ಬೇವಿನ ಗಿಡವಿದೆ, ಅದರಾಚೆ ಶಮಶಾದಬಿಯ ಅಂಗಳವಿದೆ. ಗೊತ್ತಿದ್ದವರು ಅಲ್ಲಿಗೆ ಬಂದರೆ ತಮಗೂ ಅನುಕೂಲ.

ತಮ್ಮಿಂದ ಉತ್ತರ ಬರುವುದು ತಡವಾದರೆ ಎಂಬ ಕಾರಣಕ್ಕೆ ಕೆಳಗಿನದನ್ನು ಬರಿ ಮಾಹಿತಿಗಾಗಿ ಬರೆದಿದೆ. ಗುರುವಾರ ಪ್ರದರ್ಶನ ಮುದ್ದೇಬಿಹಾಳಕ್ಕೆ ಹೋಗುತ್ತದೆ. ಚಿತ್ರಗಳ ಜೊತೆ ಇಬ್ಬರು ಕಲಾವಿದರೂ ಹೋಗುತ್ತಾರೆ, ಮರಳುವುದು ರವಿವಾರ. ಒಲೆಯ ಮೇಲಿನ ಗೋಡೆಯಲ್ಲಿ ಇದ್ದಿಲಿನಿಂದ ಒಂದು ಚೌಕ ಬರೆಯಲಾಗಿದೆ, ಅಳತೆ ಚಿತ್ರದಲ್ಲಿದ್ದಷ್ಟೇ. ಅದನ್ನು ಯಾವ ಪ್ರದರ್ಶನಕ್ಕೂ ಇಟ್ಟಿಲ್ಲ. ಪತಿ ಇಂದು ಅದರ ಕೆಳಗೇ ಕೂತು ಉಂಡು, ಗೋಡೆಗೆ ಮಸಿ ಆಗಿದೆ, ಒರೆಸು ಎಂದು ಹೇಳಿ ಎದ್ದರು. ಆಗಲಿ ಎಂದು ಅರ್ಜಿದಾರಳು ತಲೆಯಾಡಿಸಿದಳು. ಚೌಕದ ಸಂಗತಿಯನ್ನು ಕುತುಬುದ್ದೀನನಿಗೂ ಹೇಳಿಲ್ಲ, ತವರಿನಲ್ಲಿರುವ ಶಮಶಾದಬಿಗೂ ಹೇಳಿ ಕಳಿಸಿಲ್ಲ.

ವರ್ಗದ ಹುಕುಂ ಬುಧವಾರದೊಳಗೆ ದಯಪಾಲಿಸಬೇಕು. ಬರದಿದ್ದರೆ ಈ ಅರ್ಜಿ ತಾನಾಗಿಯೇ ರದ್ದಾದಂತೆ ತಿಳಿಯಬೇಕು.

ಸದ್ಯದ ಮಟ್ಟಿಗೆ ತಮ್ಮ ವಿಶ್ವಾಸಿ,
ಗುರವ್ವ

ಲಗತ್ತುಗಳು:
1. ಸೀದ ರೊಟ್ಟಿ, ಒಂದು.
2. ಅಗಸಿ ಹಿಂಡಿ: ಪ್ರದರ್ಶನದಲ್ಲಿಯೇ ಇದೆ, ನೋಡಿಕೊಳ್ಳಬೇಕು.
3. ಹಾರೆ, ಒಂದು: ಲಗತ್ತಿಸಿಲ್ಲ. ಗುರುವಾರ ಅರ್ಜಿದಾರಳಿಗೆ ಬೇಕಾಗಿದೆ.